ದಣಿವಿನ ಲೆಕ್ಕ: ಮಿಲ್ಲಿನ ಪಾಳಿಯಿಂದ ದಂತ ಚಿಕಿತ್ಸೆಯ ಕುರ್ಚಿಯವರೆಗೆ

ದಾವಣಗೆರೆಯ ಪಿ.ಜೆ. ಬಡಾವಣೆಯ ಬೀದಿಗಳಲ್ಲಿ ಒಂದು ಸಂಜೆ ನಡೆದು ನೋಡಿ. ಔಷಧ ಅಂಗಡಿ, ರಕ್ತಪರೀಕ್ಷೆಯ ಪ್ರಯೋಗಾಲಯ, ನರ್ಸಿಂಗ್ ಹೋಮ್‌ಗಳ ನಡುವೆ ಹಲ್ಲಿನ ಚಿತ್ರ ಬರೆದ ನಾಮಫಲಕಗಳು ಕಾಣುತ್ತವೆ. ವೈದ್ಯರ ಹೆಸರಿನ ಮುಂದೆ ‘ಬಿ.ಡಿ.ಎಸ್.’ ಎಂದಿರುತ್ತದೆ. ಕೆಲವರ ಹೆಸರಿನ ಮುಂದೆ ‘ಎಂ.ಡಿ.ಎಸ್.’ ಎಂಬ ಇನ್ನೂ ಮೂರು ಅಕ್ಷರಗಳಿರುತ್ತವೆ. ಐದು ವರ್ಷಗಳ ಪದವಿ ಶಿಕ್ಷಣದ ನಂತರ ಮತ್ತೆ ಮೂರು ವರ್ಷ ದುಡಿದು ಗಳಿಸಿದ ಅಕ್ಷರಗಳು ಅವು. ಆ ಮೂರು ವರ್ಷಗಳಲ್ಲಿ ಕಲಿತ ವಿದ್ಯೆ ಏನೆಂದು ಫಲಕ ಹೇಳುತ್ತದೆ. ತೆತ್ತ ಬೆಲೆ ಏನೆಂದು ಹೇಳುವುದಿಲ್ಲ.

ದಾವಣಗೆರೆ ಎರಡು ದಂತವೈದ್ಯ ಕಾಲೇಜುಗಳಿರುವ ಊರು. 1958ರಲ್ಲಿ ಸ್ಥಾಪನೆಯಾದ ಬಾಪೂಜಿ ವಿದ್ಯಾಸಂಸ್ಥೆ 1979ರಲ್ಲಿ ಬಾಪೂಜಿ ದಂತವೈದ್ಯ ಕಾಲೇಜನ್ನೂ 1991ರಲ್ಲಿ ಕಾಲೇಜ್ ಆಫ್ ಡೆಂಟಲ್ ಸೈನ್ಸಸ್ ಅನ್ನೂ ಆರಂಭಿಸಿತು. ಎರಡರಲ್ಲೂ ಸ್ನಾತಕೋತ್ತರ ಶಿಕ್ಷಣವಿದೆ. ನಮ್ಮ ಜಿಲ್ಲೆಯ ಅದೆಷ್ಟೋ ಶಾಲೆಗಳಿಂದ ಬಂದ ಮಕ್ಕಳು ಇಲ್ಲಿ, ಹಾಗೆಯೇ ಬೆಂಗಳೂರು, ಮಂಗಳೂರು, ಮಣಿಪಾಲ, ಧಾರವಾಡ, ಬೆಳಗಾವಿಗಳಲ್ಲಿ ದಂತವೈದ್ಯ ವಿದ್ಯಾರ್ಥಿಗಳಾಗಿದ್ದಾರೆ. ಶಿಕ್ಷಕರಾದ ನಿಮಗೆ ಅವರು ಹಳೆಯ ವಿದ್ಯಾರ್ಥಿಗಳು. ವಿಜ್ಞಾನ ವಿದ್ಯಾರ್ಥಿಗಳಾದ ನಿಮಗೆ ಅವರು ಮುಂದಿನ ದಾರಿಯಲ್ಲಿ ನಡೆದುಹೋದವರು.

ಇವರಲ್ಲಿ ಕೆಲವರು ದಣಿಯುತ್ತಾರೆ. ರಾತ್ರಿ ನಿದ್ದೆ ಮಾಡಿದರೆ ಹೋಗುವ ದಣಿವು ಅದಲ್ಲ. ಆ ದಣಿವಿಗೆ ಇಂದು ‘ಬರ್ನ್‌ಔಟ್’ ಎಂಬ ಹೆಸರಿದೆ. ಅದನ್ನು ಗುರುತಿಸಲು ವಿಜ್ಞಾನಕ್ಕೆ ಸುಮಾರು ನೂರು ವರ್ಷ ಹಿಡಿಯಿತು. ಆ ನೂರು ವರ್ಷಗಳುದ್ದಕ್ಕೂ ಒಂದೇ ಪ್ರಶ್ನೆ ಮತ್ತೆ ಮತ್ತೆ ಎದ್ದಿದೆ: ದಣಿದರೆ ತಪ್ಪು ದಣಿದವರದೋ, ಕೆಲಸದ ವ್ಯವಸ್ಥೆಯದೋ? ಈ ಪ್ರಶ್ನೆಯ ಚರಿತ್ರೆಯನ್ನು ಸ್ವಲ್ಪ ನೋಡೋಣ.

ಲೋಹವೂ ದಣಿಯುತ್ತದೆ

ಮೊದಲಿಗೆ ಮನುಷ್ಯರನ್ನು ಬಿಟ್ಟು ಲೋಹದ ಕಡೆ ಬರೋಣ. 1842ರ ಮೇ 8ರಂದು ಫ್ರಾನ್ಸ್‌ನ ವರ್ಸೇಲ್ಸ್‌ನಿಂದ ಪ್ಯಾರಿಸ್‌ಗೆ ಹೊರಟಿದ್ದ ರೈಲಿನ ಎಂಜಿನ್ನಿನ ಅಚ್ಚು ಮುರಿದು ಐವತ್ತಕ್ಕೂ ಹೆಚ್ಚು ಜನ ಸತ್ತರು. ಆ ಕಾಲದ ಎಂಜಿನಿಯರುಗಳಿಗೆ ಇದು ಒಗಟಾಯಿತು. ಅಚ್ಚಿನ ಮೇಲೆ ಬೀಳುತ್ತಿದ್ದ ಹೊರೆ ಅದು ತಾಳಬಲ್ಲ ಮಿತಿಯೊಳಗೇ ಇತ್ತಲ್ಲ? ಜರ್ಮನಿಯ ರೈಲ್ವೆ ಎಂಜಿನಿಯರ್ ಆಗಸ್ಟ್ ವೋಲರ್ 1850 ಮತ್ತು 60ರ ದಶಕಗಳಲ್ಲಿ ಲೋಹದ ಅಚ್ಚುಗಳನ್ನು ಸಾವಿರಾರು, ಲಕ್ಷಾಂತರ ಸಲ ಬಾಗಿಸಿ ನೋಡಿದ. ಒಮ್ಮೆ ಹೇರಿದರೆ ಏನೂ ಆಗದ ಹೊರೆ, ಬಿಡುವಿಲ್ಲದೆ ಮತ್ತೆ ಮತ್ತೆ ಬಿದ್ದರೆ ಲೋಹ ಮುರಿಯುತ್ತದೆ ಎಂಬುದು ಸ್ಪಷ್ಟವಾಯಿತು. ಇದೇ ‘ಲೋಹದ ದಣಿವು’. ಎಷ್ಟು ಹೊರೆ ಎಂಬುದರ ಜೊತೆಗೆ ಎಷ್ಟು ಸಲ ಎಂಬುದೂ ಮುಖ್ಯ.

ಈ ಸಂಗತಿ ಎಂ.ಡಿ.ಎಸ್. ವಿದ್ಯಾರ್ಥಿಗಳಿಗೆ ಹೊಸದಲ್ಲ. ರೂಟ್ ಕೆನಾಲ್ ಚಿಕಿತ್ಸೆಯಲ್ಲಿ ಹಲ್ಲಿನ ಬೇರಿನೊಳಗಿನ ಕೂದಲೆಳೆಯಂಥ ನಾಳವನ್ನು ‘ಫೈಲ್’ ಎಂಬ ಸೂಜಿಯಂಥ ಉಪಕರಣದಿಂದ ಕೆರೆದು ಸ್ವಚ್ಛಗೊಳಿಸುತ್ತಾರೆ. 1988ರಲ್ಲಿ ಅಮೆರಿಕದ ಸಂಶೋಧಕರು ನಿಕಲ್-ಟೈಟಾನಿಯಂ ಮಿಶ್ರಲೋಹದ ಫೈಲ್ ಅನ್ನು ಪರಿಚಯಿಸಿದರು. ಅದು ಬಾಗಿದ ನಾಳದಲ್ಲೂ ಸಲೀಸಾಗಿ ಬಾಗುತ್ತದೆ. ನಿಮಿಷಕ್ಕೆ ಸುಮಾರು 300 ಸುತ್ತು ತಿರುಗುವ ಫೈಲ್, ಬಾಗಿದ ನಾಳದಲ್ಲಿ ಪ್ರತಿ ಸುತ್ತಿಗೂ ಒಂದು ಬದಿಯಲ್ಲಿ ಹಿಗ್ಗಿ ಇನ್ನೊಂದು ಬದಿಯಲ್ಲಿ ಕುಗ್ಗುತ್ತದೆ. ಹತ್ತೇ ಸೆಕೆಂಡಿನಲ್ಲಿ 50 ಸಲ! ಹೊರಗಿನಿಂದ ನೋಡಿದರೆ ಫೈಲ್ ಹೊಸದರಂತೆಯೇ ಇರುತ್ತದೆ. ಒಂದು ದಿನ ಯಾವ ಮುನ್ಸೂಚನೆಯೂ ಇಲ್ಲದೆ ನಾಳದೊಳಗೇ ತುಂಡಾಗುತ್ತದೆ. ಆದ್ದರಿಂದ ಎಚ್ಚರದ ವೈದ್ಯರು ಯಾವ ಫೈಲ್ ಅನ್ನು ಎಷ್ಟು ಸಲ ಬಳಸಿದೆವು ಎಂದು ಲೆಕ್ಕವಿಟ್ಟು, ಮುರಿಯುವ ಮೊದಲೇ ಬದಲಿಸುತ್ತಾರೆ. ಫೈಲ್ ಮುರಿದರೆ ‘ಅದು ದುರ್ಬಲ ಫೈಲ್’ ಎಂದು ಯಾರೂ ಬೈಯುವುದಿಲ್ಲ. ಬಳಸಿದ ರೀತಿಯನ್ನು ಪರಿಶೀಲಿಸುತ್ತಾರೆ.

ಮಿಲ್ಲಿನ ಪಾಳಿ

ಮನುಷ್ಯನ ದಣಿವಿನ ಲೆಕ್ಕ ಮೊದಲು ಶುರುವಾದದ್ದು ಕಾರ್ಖಾನೆಗಳಲ್ಲಿ. ಅದನ್ನು ತಿಳಿಯಲು ದಾವಣಗೆರೆಯೇ ಒಳ್ಳೆಯ ಜಾಗ. ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಈ ಊರನ್ನು ‘ಕರ್ನಾಟಕದ ಮ್ಯಾಂಚೆಸ್ಟರ್’ ಎಂದು ಕರೆಯುತ್ತಿದ್ದರು. ಸುತ್ತಲಿನ ಹತ್ತಿ ಇಲ್ಲಿಗೆ ಬರುತ್ತಿತ್ತು. ದಾವಣಗೆರೆ ಕಾಟನ್ ಮಿಲ್ ಮುಂತಾದ ಮಿಲ್ಲುಗಳಲ್ಲಿ ಸಾವಿರಾರು ಜನ ಪಾಳಿಯಲ್ಲಿ ದುಡಿಯುತ್ತಿದ್ದರು. ಪಕ್ಕದ ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಲೇತ್ ಯಂತ್ರಗಳನ್ನು ತಯಾರಿಸುತ್ತಿತ್ತು. ಸೈರನ್ ಕೂಗಿದರೆ ಪಾಳಿ ಶುರು, ಮತ್ತೆ ಕೂಗಿದರೆ ಮುಗಿಯಿತು.

ಆ ಪಾಳಿಗೆ ಒಂದು ಮಿತಿ ಬರಲು ದೀರ್ಘ ಹೋರಾಟ ಬೇಕಾಯಿತು. ಬ್ರಿಟಿಷ್ ಭಾರತದ 1911ರ ಕಾರ್ಖಾನೆ ಕಾಯ್ದೆ ಬಟ್ಟೆ ಮಿಲ್ಲುಗಳ ಗಂಡಸರಿಗೆ ದಿನಕ್ಕೆ 12 ಗಂಟೆಯ ಮಿತಿ ಹಾಕಿತು. 1922ರಲ್ಲಿ ವಾರಕ್ಕೆ 60 ಗಂಟೆ, 1934ರಲ್ಲಿ 54 ಗಂಟೆ ಎಂದಾಯಿತು. ಸ್ವತಂತ್ರ ಭಾರತದ 1948ರ ಕಾಯ್ದೆಯಲ್ಲಿ ವಾರಕ್ಕೆ 48 ಗಂಟೆಯ ಮಿತಿ ಇತ್ತು; ವಾರದ ರಜೆಯೂ ನಡುವಿನ ವಿರಾಮವೂ ಕಡ್ಡಾಯವಾಗಿದ್ದವು.

ಈ ಇಳಿಕೆಯ ಹಿಂದೆ ಕಾರ್ಮಿಕರ ಹೋರಾಟವಿತ್ತು. ವಿಜ್ಞಾನದ ಬೆಂಬಲವೂ ಇತ್ತು. ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ಮದ್ದುಗುಂಡು ಕಾರ್ಖಾನೆಗಳಲ್ಲಿ ಜನ ವಾರಕ್ಕೆ 70 ಗಂಟೆಗೂ ಮೀರಿ ದುಡಿಯುತ್ತಿದ್ದರು. 1915ರಲ್ಲಿ ಅವರ ಆರೋಗ್ಯ ಪರಿಶೀಲನೆಗೆ ಸರ್ಕಾರ ಒಂದು ಸಮಿತಿ ನೇಮಿಸಿತು. ಅದಕ್ಕಾಗಿ ಕೆಲಸ ಮಾಡಿದ ಶರೀರಕ್ರಿಯಾ ವಿಜ್ಞಾನಿ ಎಚ್.ಎಂ. ವರ್ನನ್ ಗಂಟೆಗಳನ್ನೂ ಉತ್ಪಾದನೆಯನ್ನೂ ಒಟ್ಟಿಗೆ ಅಳೆದ. ಕೆಲಸದ ಗಂಟೆ ಇಳಿಸಿದ ಕಡೆ ಒಟ್ಟು ಉತ್ಪಾದನೆ ಕುಸಿಯುವ ಬದಲು ಎಷ್ಟೋ ಸಲ ಏರಿದ್ದನ್ನು ಕಂಡ. ದಣಿದ ಕೈ ನಿಧಾನವಾಗುತ್ತದೆ, ತಪ್ಪು ಮಾಡುತ್ತದೆ, ಗಾಯ ಮಾಡಿಕೊಳ್ಳುತ್ತದೆ. 1918ರಲ್ಲಿ ಬ್ರಿಟನ್ ‘ಕೈಗಾರಿಕಾ ದಣಿವಿನ ಸಂಶೋಧನಾ ಮಂಡಳಿ’ಯನ್ನೇ ಸ್ಥಾಪಿಸಿತು. ಸೋಮಾರಿತನ ಎಂದು ಬೈಯುತ್ತಿದ್ದದ್ದು ಅಳೆಯಬಹುದಾದ ವಿಷಯವಾಯಿತು.

1980 ಮತ್ತು 90ರ ದಶಕಗಳಲ್ಲಿ ದಾವಣಗೆರೆಯ ಮಿಲ್ಲುಗಳು ಒಂದೊಂದಾಗಿ ಸ್ತಬ್ಧವಾದವು. ಅದೇ ಕಾಲದಲ್ಲಿ ಊರು ವಿದ್ಯಾಕೇಂದ್ರವಾಗಿ ಬೆಳೆಯಿತು. ನೂಲಿನ ಊರು ಕಾಲೇಜುಗಳ ಊರಾಯಿತು. ಆದರೆ ಮಿಲ್ಲಿನಲ್ಲಿ ಎಣಿಸುತ್ತಿದ್ದ ಗಂಟೆಗಳನ್ನು ಆಸ್ಪತ್ರೆಯಲ್ಲಿ ಎಣಿಸುವವರು ಯಾರು? ಸ್ನಾತಕೋತ್ತರ ವಿದ್ಯಾರ್ಥಿ ಕಾರ್ಮಿಕನಲ್ಲ, ‘ಕಲಿಯುವವನು’. ಕಲಿಕೆಗೆ ಸೈರನ್ ಇಲ್ಲ.

ಇಲಿಗಳು ಕಲಿಸಿದ ಪಾಠ

ದಣಿವಿನ ಚರಿತ್ರೆಯ ಮುಂದಿನ ಘಟ್ಟ ನಡೆದದ್ದು ಪ್ರಯೋಗಾಲಯದಲ್ಲಿ. ಅಪಾಯ ಎದುರಾದಾಗ ಪ್ರಾಣಿಯ ಶರೀರ ಹೋರಾಟಕ್ಕೋ ಪಲಾಯನಕ್ಕೋ ಸಜ್ಜಾಗುವ ಬಗೆಯನ್ನು ಅಮೆರಿಕದ ವಾಲ್ಟರ್ ಕ್ಯಾನನ್ 1915ರಲ್ಲಿ ವಿವರಿಸಿದ್ದ. ಆಡ್ರಿನಲಿನ್ ಹರಿಯುತ್ತದೆ, ಎದೆಬಡಿತ ಏರುತ್ತದೆ, ಸ್ನಾಯುಗಳಿಗೆ ರಕ್ತ ನುಗ್ಗುತ್ತದೆ. ಅಪಾಯ ಕಳೆದರೆ ಎಲ್ಲವೂ ಮೊದಲಿನಂತೆ.

ಅಪಾಯ ಕಳೆಯದಿದ್ದರೆ? ಕೆನಡಾದ ಮಾಂಟ್ರಿಯಲ್‌ನಲ್ಲಿದ್ದ ಹ್ಯಾನ್ಸ್ ಸೆಲ್ಯೆ ಎಂಬ ಯುವ ವಿಜ್ಞಾನಿಗೆ ಇದರ ಉತ್ತರ ಆಕಸ್ಮಿಕವಾಗಿ ಸಿಕ್ಕಿತು. ಹೊಸ ಹಾರ್ಮೋನು ಹುಡುಕುತ್ತ ಆತ ಅಂಡಾಶಯದ ಸಾರವನ್ನು ಇಲಿಗಳಿಗೆ ಚುಚ್ಚುತ್ತಿದ್ದ. ಇಲಿಗಳ ಆಡ್ರಿನಲ್ ಗ್ರಂಥಿ ಊದಿಕೊಂಡಿತು, ಥೈಮಸ್ ಕುಗ್ಗಿತು, ಜಠರದಲ್ಲಿ ಹುಣ್ಣಾಯಿತು. ಹಾರ್ಮೋನು ಸಿಕ್ಕಿತೆಂದು ಹಿಗ್ಗಿದವನು ಪರೀಕ್ಷೆಗೆಂದು ಫಾರ್ಮಲಿನ್ ಚುಚ್ಚಿ ನೋಡಿದರೆ, ಅದೇ ಮೂರು ಬದಲಾವಣೆಗಳು! ಚಳಿ, ಗಾಯ, ಅತಿಯಾದ ಶ್ರಮ — ಪೀಡೆ ಯಾವುದಾದರೂ ಶರೀರದ ಉತ್ತರ ಒಂದೇ ಬಗೆಯದು. 1936ರ ಜುಲೈ 4ರಂದು ‘ನೇಚರ್’ ಪತ್ರಿಕೆಯಲ್ಲಿ ಇದರ ಬಗ್ಗೆ ಚಿಕ್ಕ ಟಿಪ್ಪಣಿ ಪ್ರಕಟವಾಯಿತು. ಎಚ್ಚರಿಕೆ, ಪ್ರತಿರೋಧ, ಬಳಲಿಕೆ ಎಂಬ ಮೂರು ಹಂತಗಳನ್ನು ಸೆಲ್ಯೆ ಗುರುತಿಸಿದ. ಎರಡನೆಯ ಹಂತದಲ್ಲಿ ಪ್ರಾಣಿ ಚೆನ್ನಾಗಿರುವಂತೆಯೇ ಕಾಣುತ್ತದೆ ಎಂಬುದನ್ನು ಗಮನಿಸಿ. ಪೀಡೆ ಮುಂದುವರಿದರೆ ಮೂರನೆಯ ಹಂತ ಬರುತ್ತದೆ.

ಇದಕ್ಕೆ ಆತ ಮುಂದೆ ಇಟ್ಟ ಹೆಸರು ‘ಸ್ಟ್ರೆಸ್’. ಈ ಪದ ಭೌತವಿಜ್ಞಾನದ್ದು ಎಂದು ನಿಮಗೆ ಗೊತ್ತಿದೆ. ಅಲ್ಲಿ ಏಕಮಾನ ವಿಸ್ತೀರ್ಣದ ಮೇಲಿನ ಬಲ ಸ್ಟ್ರೆಸ್. ಅದರಿಂದ ವಸ್ತುವಿನಲ್ಲಾಗುವ ವಿರೂಪ ಸ್ಟ್ರೈನ್. ಸೆಲ್ಯೆ ಹೇಳಹೊರಟದ್ದು ಶರೀರದಲ್ಲಾಗುವ ಬದಲಾವಣೆಯನ್ನು. ಹಾಗಾಗಿ ಸ್ಟ್ರೈನ್ ಎನ್ನಬೇಕಿತ್ತು ಎಂದು ಆತನೇ ಮುಂದೆ ಒಪ್ಪಿಕೊಂಡ. ಈ ಪದಗೊಂದಲ ಸಣ್ಣದಲ್ಲ. ಹೊರಗಿನ ಹೊರೆಗೂ ಒಳಗಿನ ವಿರೂಪಕ್ಕೂ ಒಂದೇ ಹೆಸರಾದಾಗ, ‘ನಿನಗೆ ಸ್ಟ್ರೆಸ್ ಇದೆ, ನೀನೇ ಸರಿಮಾಡಿಕೋ’ ಎನ್ನುವುದು ಸುಲಭವಾಗುತ್ತದೆ. ಸೆಲ್ಯೆಯ ಸಂಶೋಧನೆಗೆ ತಂಬಾಕು ಕಂಪನಿಗಳು ಹಣ ನೀಡಿದ್ದವು ಎಂಬುದು ಆ ಕಂಪನಿಗಳ ಒಳದಾಖಲೆಗಳು ಬಯಲಾದ ಮೇಲೆ ತಿಳಿಯಿತು. ಹೃದ್ರೋಗಕ್ಕೆ ಸಿಗರೇಟಿಗಿಂತ ಮನಸ್ಸಿನ ಒತ್ತಡವೇ ಕಾರಣ ಎಂಬ ಮಾತು ಅವುಗಳಿಗೆ ಅನುಕೂಲವಾಗಿತ್ತು.

ಅಂಗುಳಿನ ಮೇಲೊಂದು ಗಾಯ

ಇಲಿಗಳ ಕಥೆ ಮನುಷ್ಯರಿಗೆ ಅನ್ವಯಿಸುತ್ತದೆಯೇ ಎಂದು ನೀವು ಕೇಳಬಹುದು. ಅದಕ್ಕೆ ದಂತವೈದ್ಯ ವಿದ್ಯಾರ್ಥಿಗಳೇ ಉತ್ತರ ಕೊಟ್ಟಿದ್ದಾರೆ. ಅಮೆರಿಕದ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದ ಮಾರೂಚಾ, ಕೀಕೋಲ್ಟ್-ಗ್ಲೇಸರ್ ಮತ್ತು ಸಂಗಡಿಗರು 1998ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಹನ್ನೊಂದು ದಂತವೈದ್ಯ ವಿದ್ಯಾರ್ಥಿಗಳು ಇದಕ್ಕೆ ಒಪ್ಪಿದ್ದರು. ಅವರ ಅಂಗುಳಿನ ಮೇಲೆ 3.5 ಮಿಲಿಮೀಟರ್ ಅಗಲದ ಗಾಯವನ್ನು ಎರಡು ಸಲ ಮಾಡಲಾಯಿತು: ಒಮ್ಮೆ ಬೇಸಿಗೆ ರಜೆಯಲ್ಲಿ, ಇನ್ನೊಮ್ಮೆ ದೊಡ್ಡ ಪರೀಕ್ಷೆಗೆ ಮೂರು ದಿನ ಮುಂಚೆ. ಪರೀಕ್ಷೆಯ ಹೊತ್ತಿನ ಗಾಯ ಮಾಯಲು ಸರಾಸರಿ ಮೂರು ದಿನ, ಅಂದರೆ ಶೇಕಡಾ 40ರಷ್ಟು ಹೆಚ್ಚು ಸಮಯ ಬೇಕಾಯಿತು.

ಇಲ್ಲಿ ಕೆಲಸ ಮಾಡುವ ಸರಪಳಿಯ ಬಹುಭಾಗ ಈಗ ತಿಳಿದಿದೆ. ಮಿದುಳಿನ ಹೈಪೊಥಲಾಮಸ್ ಪಿಟ್ಯೂಟರಿ ಗ್ರಂಥಿಗೆ ಸಂದೇಶ ಕಳಿಸುತ್ತದೆ. ಪಿಟ್ಯೂಟರಿ ಆಡ್ರಿನಲ್ ಗ್ರಂಥಿಯನ್ನು ಪ್ರಚೋದಿಸುತ್ತದೆ. ಆಡ್ರಿನಲ್ ಕಾರ್ಟಿಸಾಲ್ ಸ್ರವಿಸುತ್ತದೆ. ಕಾರ್ಟಿಸಾಲ್ ರಕ್ತದಲ್ಲಿ ಗ್ಲೂಕೋಸ್ ಏರಿಸಿ ಆ ಹೊತ್ತಿಗೆ ಶಕ್ತಿ ಒದಗಿಸುತ್ತದೆ. ಆದರೆ ಉರಿಯೂತವನ್ನೂ ಪ್ರತಿರಕ್ಷಾ ಕ್ರಿಯೆಯನ್ನೂ ಅದುಮುತ್ತದೆ. ಗಾಯ ಮಾಯುವುದರ ಮೊದಲ ಮೆಟ್ಟಿಲೇ ಉರಿಯೂತ. ದಿನವೂ ಹೀಗೆ ಹೊಂದಿಕೊಳ್ಳುತ್ತ ಹೋಗುವ ಶರೀರ ಅದಕ್ಕೆ ತೆರುವ ಸವೆತವನ್ನು 1993ರಲ್ಲಿ ಬ್ರೂಸ್ ಮೆಕ್ಯುಯೆನ್ ಮತ್ತು ಎಲಿಯಟ್ ಸ್ಟೆಲ್ಲಾರ್ ‘ಅಲೋಸ್ಟ್ಯಾಟಿಕ್ ಹೊರೆ’ ಎಂದು ಕರೆದರು. ವೋಲರ್ ಅಚ್ಚುಗಳಲ್ಲಿ ಕಂಡದ್ದಕ್ಕೂ ಇದಕ್ಕೂ ಇರುವ ಹೋಲಿಕೆ ನಿಮಗೇ ಕಾಣುತ್ತದೆ. ವ್ಯತ್ಯಾಸವೂ ಇದೆ: ಲೋಹ ವಿಶ್ರಾಂತಿಯಿಂದ ಚೇತರಿಸಿಕೊಳ್ಳುವುದಿಲ್ಲ, ಶರೀರ ಚೇತರಿಸಿಕೊಳ್ಳುತ್ತದೆ. ವಿಶ್ರಾಂತಿ ಸಿಗಬೇಕು, ಅಷ್ಟೆ.

ಬರ್ನ್‌ಔಟ್ ಎಂಬ ಹೆಸರು

ಕನ್ನಡದಲ್ಲಿ ‘ಬಳಲಿ ಬೆಂಡಾಗುವುದು’ ಎಂಬ ಮಾತಿದೆ. ಬೆಂಡು ಎಂದರೆ ಒಳಗೆ ಸತ್ವವಿಲ್ಲದ ಹಗುರ ತಿರುಳು. ಬರ್ನ್‌ಔಟ್‌ನ ಮೊದಲ ಲಕ್ಷಣವನ್ನು ಈ ಮಾತು ಚೆನ್ನಾಗಿ ಹಿಡಿದಿದೆ. ಆದರೆ ಅದಕ್ಕೆ ಇನ್ನೆರಡು ಮುಖಗಳಿವೆ.

ಈ ಪದವನ್ನು ವೈಜ್ಞಾನಿಕ ಬರಹಕ್ಕೆ ತಂದವನು ನ್ಯೂಯಾರ್ಕಿನ ಮನಶ್ಶಾಸ್ತ್ರಜ್ಞ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್. ಹಗಲು ತನ್ನ ವೃತ್ತಿ ನಡೆಸಿ, ಸಂಜೆ ಬಡವರ ಉಚಿತ ಚಿಕಿತ್ಸಾಲಯದಲ್ಲಿ ತಡರಾತ್ರಿಯವರೆಗೆ ದುಡಿಯುತ್ತಿದ್ದವನು ಆತ. ತನ್ನ ಜೊತೆಗಿದ್ದ ಸ್ವಯಂಸೇವಕರು ಕೆಲವು ತಿಂಗಳಲ್ಲಿ ಸೊರಗಿ, ಸಿಡುಕಿ, ಹಿಂದೆ ಪ್ರೀತಿಯಿಂದ ನೋಡುತ್ತಿದ್ದ ರೋಗಿಗಳನ್ನೇ ಹಳಿಯುವುದನ್ನು ಕಂಡ, ತಾನೂ ಹಾಗಾದ. 1974ರಲ್ಲಿ ಈ ಬಗ್ಗೆ ಲೇಖನ ಬರೆದ. ಹೆಚ್ಚು ಶ್ರದ್ಧೆಯುಳ್ಳವರೇ ಇದಕ್ಕೆ ಹೆಚ್ಚು ಬಲಿಯಾಗುತ್ತಾರೆ ಎಂಬುದು ಆತನ ಮುಖ್ಯ ಮಾತು.

ಇದೇ ವೇಳೆಗೆ ಕ್ಯಾಲಿಫೋರ್ನಿಯಾದ ಕ್ರಿಸ್ಟಿನಾ ಮ್ಯಾಸ್ಲಾಕ್, ಜನರ ಜೊತೆ ವ್ಯವಹರಿಸುವ ವೃತ್ತಿಗಳವರನ್ನು ಸಂದರ್ಶಿಸುತ್ತಿದ್ದರು. 1981ರಲ್ಲಿ ಅವರೂ ಸೂಸನ್ ಜಾಕ್ಸನ್ ಅವರೂ ಪ್ರಕಟಿಸಿದ ಪ್ರಶ್ನಾವಳಿ ಜಗತ್ತಿನಾದ್ಯಂತ ಬಳಕೆಗೆ ಬಂತು. ಅದರಲ್ಲಿ 22 ಹೇಳಿಕೆಗಳು. ಒಂಬತ್ತು ಭಾವನಾತ್ಮಕ ಬಳಲಿಕೆಯನ್ನು ಅಳೆಯುತ್ತವೆ: ಬೆಳಿಗ್ಗೆ ಏಳುವಾಗಲೇ ದಣಿವು. ಐದು ನಿರ್ಲಿಪ್ತತೆಯನ್ನು: ರೋಗಿಯನ್ನು ಮನುಷ್ಯನಾಗಿ ಕಾಣದೆ ‘ಕೆಳದವಡೆಯ ಬಾಚಿಹಲ್ಲು’ ಎಂದೋ ‘ಮೂರನೆಯ ಕೇಸು’ ಎಂದೋ ಕಾಣುವುದು. ಉಳಿದ ಎಂಟು ಸಾಧನೆಯ ಭಾವವನ್ನು: ನನ್ನಿಂದ ಏನಾದರೂ ಉಪಯೋಗವಾಗುತ್ತಿದೆಯೇ? ಮೊದಲ ಎರಡು ಏರಿ ಮೂರನೆಯದು ಇಳಿದರೆ ಅದು ಬರ್ನ್‌ಔಟ್‌ನ ಚಿತ್ರ. 1986ರಲ್ಲಿ ಶಿಕ್ಷಕರಿಗಾಗಿಯೇ ಇದರ ಬೇರೊಂದು ರೂಪ ಬಂತು. ಆದ್ದರಿಂದ ಇದು ನಿಮ್ಮ ಕಥೆಯೂ ಹೌದು.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂಗೀಕರಿಸಿದ ರೋಗಗಳ ಅಂತರರಾಷ್ಟ್ರೀಯ ವರ್ಗೀಕರಣದ 11ನೆಯ ಆವೃತ್ತಿಯಲ್ಲಿ ಬರ್ನ್‌ಔಟ್‌ಗೆ ಜಾಗ ಸಿಕ್ಕಿತು. ಆದರೆ ರೋಗವಾಗಿ ಅಲ್ಲ. ದುಡಿಮೆಗೆ ಸಂಬಂಧಿಸಿದ ವಿದ್ಯಮಾನವಾಗಿ. ಸರಿಯಾಗಿ ನಿಭಾಯಿಸದೆ ಬಿಟ್ಟ, ದೀರ್ಘಕಾಲದ ಕೆಲಸದ ಒತ್ತಡದ ಫಲ ಅದು ಎಂಬುದು ಸಂಸ್ಥೆಯ ವಿವರಣೆ. ಬರ್ನ್‌ಔಟ್ ಹುಟ್ಟುವ ಜಾಗ ಕೆಲಸವೇ ಎಂಬುದನ್ನು ಈ ವಿವರಣೆ ಒಪ್ಪಿಕೊಂಡಿದೆ.

ದಂತವೈದ್ಯರಿಗೆ ಏಕೆ?

ದಂತವೈದ್ಯನ ಕಾರ್ಯಕ್ಷೇತ್ರ ಒಂದು ಬಾಯಿ. ಅಲ್ಲಿ ಬೆಳಕು ಕಡಿಮೆ, ಜಾಗ ಇನ್ನೂ ಕಡಿಮೆ. ತಪ್ಪಿಗೆ ಇರುವ ಅವಕಾಶ ಮಿಲಿಮೀಟರಿನ ಭಾಗಗಳಲ್ಲಿ. ಬೇರೆ ಶಸ್ತ್ರವೈದ್ಯರ ಮುಂದೆ ರೋಗಿ ಸಾಮಾನ್ಯವಾಗಿ ಪ್ರಜ್ಞೆ ಇಲ್ಲದೆ ಮಲಗಿರುತ್ತಾನೆ. ಇಲ್ಲಿ ರೋಗಿ ಎಚ್ಚರವಾಗಿದ್ದಾನೆ, ಹೆದರಿದ್ದಾನೆ, ಕುರ್ಚಿಯ ಕೈಯನ್ನು ಬಿಗಿಯಾಗಿ ಹಿಡಿದಿದ್ದಾನೆ. ಅವನ ಭಯವನ್ನೂ ತನ್ನ ಕೈಯನ್ನೂ ಏಕಕಾಲಕ್ಕೆ ಹತೋಟಿಯಲ್ಲಿಡಬೇಕು.

ತಂತ್ರಜ್ಞಾನ ಈ ಹೊರೆಯನ್ನು ಸ್ವಲ್ಪ ಇಳಿಸಿತು, ಬದಲಾಯಿಸಿತು ಕೂಡ. 1871ರಲ್ಲಿ ಅಮೆರಿಕದ ಜೇಮ್ಸ್ ಮಾರಿಸನ್ ಕಾಲಿನಿಂದ ತುಳಿಯುವ ಕೊರೆಯುವ ಯಂತ್ರ ತಂದ. ವೈದ್ಯ ಒಂದು ಕಾಲಲ್ಲಿ ನಿಂತು ಇನ್ನೊಂದರಲ್ಲಿ ತುಳಿಯುತ್ತಿದ್ದ. 1957ರಲ್ಲಿ ಬಂದ ಏರೋಟರ್ ಗಾಳಿಯ ಒತ್ತಡದಿಂದ ನಿಮಿಷಕ್ಕೆ ಸುಮಾರು 3 ಲಕ್ಷ ಸುತ್ತು ತಿರುಗಿ ಕೆಲಸವನ್ನು ಚುರುಕುಗೊಳಿಸಿತು. ಒರಗುವ ಕುರ್ಚಿ ಬಂದ ಮೇಲೆ ವೈದ್ಯರೂ ಕುಳಿತರು. ಕಾಲುನೋವು ಕಡಿಮೆಯಾಯಿತು, ಕತ್ತು ಮತ್ತು ಸೊಂಟದ ನೋವು ಉಳಿಯಿತು. ಒಂದು ದಿನದಲ್ಲಿ ನೋಡಬಹುದಾದ ರೋಗಿಗಳ ಸಂಖ್ಯೆ ಹೆಚ್ಚಿತು.

ಇಲ್ಲಿ ಒಂದು ಎಚ್ಚರಿಕೆ ಹೇಳಬೇಕು. ದಂತವೈದ್ಯರಲ್ಲಿ ಆತ್ಮಹತ್ಯೆಯ ಪ್ರಮಾಣ ಎಲ್ಲ ವೃತ್ತಿಗಳಿಗಿಂತ ಹೆಚ್ಚು ಎಂಬ ಮಾತು ದಶಕಗಳಿಂದ ಬಾಯಿಂದ ಬಾಯಿಗೆ ಹರಡಿದೆ. ಅಮೆರಿಕದ ದಂತವೈದ್ಯ ಸಂಘದ ಪತ್ರಿಕೆಯಲ್ಲಿ 2001ರಲ್ಲಿ ಬಂದ ಒಂದು ವಿಮರ್ಶೆ, ‘ಇದು ಸತ್ಯವೋ ಜನಪದ ಕಥೆಯೋ’ ಎಂದು ಶೀರ್ಷಿಕೆಯಲ್ಲೇ ಕೇಳಿ, ಈ ಮಾತಿಗೆ ಗಟ್ಟಿ ಆಧಾರವಿಲ್ಲ ಎಂದು ತೋರಿಸಿತು. ಸಮಸ್ಯೆಯನ್ನು ಗಂಭೀರವಾಗಿ ತೆಗೆದುಕೊಳ್ಳಲು ಉತ್ಪ್ರೇಕ್ಷೆ ಬೇಕಿಲ್ಲ.

ಎಂ.ಡಿ.ಎಸ್.: ಒಂದು ಹೆಗಲು, ನಾಲ್ಕು ನೊಗ

ಭಾರತದಲ್ಲಿ ದಂತವೈದ್ಯ ಶಿಕ್ಷಣ 1920ರಲ್ಲಿ ಡಾ. ರಫೀವುದ್ದೀನ್ ಅಹ್ಮದ್ ಕಲ್ಕತ್ತೆಯಲ್ಲಿ ಕಾಲೇಜು ತೆರೆದಾಗ ಶುರುವಾಯಿತು. 1948ರ ದಂತವೈದ್ಯರ ಕಾಯ್ದೆಯಿಂದ ಭಾರತೀಯ ದಂತವೈದ್ಯ ಪರಿಷತ್ತು ಹುಟ್ಟಿತು. ಕರ್ನಾಟಕದಲ್ಲಿ 1958ರಲ್ಲಿ ಬೆಂಗಳೂರಿನ ಸರ್ಕಾರಿ ಕಾಲೇಜು, 1965ರಲ್ಲಿ ಮಣಿಪಾಲದ ಕಾಲೇಜು ಬಂದವು. 1979ರಲ್ಲಿ ದಾವಣಗೆರೆ ಈ ಸಾಲಿಗೆ ಸೇರಿತು. ಮುಂದಿನ ಎರಡು ದಶಕಗಳಲ್ಲಿ ರಾಜ್ಯದ ತುಂಬ ಖಾಸಗಿ ಕಾಲೇಜುಗಳು ಹರಡಿದವು. 1996ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು.

ಎಂ.ಡಿ.ಎಸ್.ನಲ್ಲಿ ಒಂಬತ್ತು ವಿಭಾಗಗಳಿವೆ: ವಸಡು, ವಕ್ರದಂತ, ಕೃತಕ ದಂತ, ಮಕ್ಕಳ ದಂತ ಹೀಗೆ. ವಿಭಾಗ ಯಾವುದಾದರೂ ವಿದ್ಯಾರ್ಥಿಯ ಹೆಗಲ ಮೇಲೆ ನಾಲ್ಕು ನೊಗ ಏಕಕಾಲಕ್ಕೆ ಬೀಳುತ್ತವೆ. ಮೊದಲನೆಯದಾಗಿ ಆತ ವೈದ್ಯ. ಹೊರರೋಗಿ ವಿಭಾಗ ಮುಗಿಯುವವರೆಗೆ ರೋಗಿಗಳನ್ನು ನೋಡಬೇಕು. ಎರಡನೆಯದಾಗಿ ವಿದ್ಯಾರ್ಥಿ; ಸೆಮಿನಾರ್, ಜರ್ನಲ್ ಕ್ಲಬ್, ಮೊದಲ ವರ್ಷದ ಕೊನೆಗೆ ಮೂಲವಿಜ್ಞಾನಗಳ ಪರೀಕ್ಷೆ, ಮೂರನೆಯ ವರ್ಷದ ಕೊನೆಗೆ ಅಂತಿಮ ಪರೀಕ್ಷೆ. ಮೂರನೆಯದಾಗಿ ಸಂಶೋಧಕ, ಮೊದಲ ಆರು ತಿಂಗಳಲ್ಲಿ ವಿಷಯದ ರೂಪುರೇಷೆ ಕೊಟ್ಟು, ಅಂತಿಮ ಪರೀಕ್ಷೆಗೆ ಮುಂಚೆ ಪ್ರಬಂಧ ಒಪ್ಪಿಸಬೇಕು. ನಾಲ್ಕನೆಯದಾಗಿ ಶಿಕ್ಷಕ, ಬಿ.ಡಿ.ಎಸ್. ವಿದ್ಯಾರ್ಥಿಗಳ ಕೆಲಸದ ಮೇಲ್ವಿಚಾರಣೆಯೂ ಅವನದೇ. ಇದರ ಮೇಲೆ ಪ್ರಯೋಗಾಲಯದ ಕೆಲಸ: ಮೇಣದ ಅಚ್ಚು, ತಂತಿ ಬಾಗಿಸುವುದು, ಎರಕ. ಹಗಲು ರೋಗಿಗಳಿಗೆ ಹೋದರೆ ಇವೆಲ್ಲ ರಾತ್ರಿಗೆ ಉಳಿಯುತ್ತವೆ.

ಇನ್ನೊಂದು ವಿಶೇಷ ಒತ್ತಡವಿದೆ. ಕಲಿಕೆಗೆ ನಿಗದಿಯಾದಷ್ಟು ಚಿಕಿತ್ಸೆಗಳು ಲಾಗ್‌ಬುಕ್‌ನಲ್ಲಿ ದಾಖಲಾಗಬೇಕು. ಆದರೆ ಚಿಕಿತ್ಸೆ ಮುಗಿಯುವುದು ವಿದ್ಯಾರ್ಥಿಯ ಕೈಯಲ್ಲಷ್ಟೇ ಇಲ್ಲ. ಜಗಳೂರಿನಿಂದಲೋ ಹೊನ್ನಾಳಿಯಿಂದಲೋ ಬರಬೇಕಾದ ರೋಗಿಗೆ ಆ ದಿನ ಬಿತ್ತನೆ ಇದ್ದರೆ, ಮನೆಯಲ್ಲಿ ಮದುವೆ ಇದ್ದರೆ, ನೋವು ತಾನಾಗಿಯೇ ಕಡಿಮೆಯಾದರೆ ಅವರು ಬರುವುದಿಲ್ಲ. ಅರ್ಧಕ್ಕೆ ನಿಂತ ಕೇಸು ವಿದ್ಯಾರ್ಥಿಯ ಲೆಕ್ಕದಲ್ಲಿ ಅರ್ಧವಾಗಿಯೇ ಉಳಿಯುತ್ತದೆ.

ಅಮೆರಿಕದ ರಾಬರ್ಟ್ ಕರಾಸೆಕ್ 1979ರಲ್ಲಿ ಮಂಡಿಸಿದ ಮಾದರಿ ಇದನ್ನು ಅರ್ಥಮಾಡಿಕೊಳ್ಳಲು ನೆರವಾಗುತ್ತದೆ. ಕೆಲಸದ ಬೇಡಿಕೆ ಹೆಚ್ಚಿದ್ದ ಮಾತ್ರಕ್ಕೆ ಮನುಷ್ಯ ಕುಸಿಯುವುದಿಲ್ಲ. ಬೇಡಿಕೆ ಹೆಚ್ಚಿದ್ದು, ಆ ಕೆಲಸದ ಮೇಲೆ ತನಗೆ ಹತೋಟಿ ಕಡಿಮೆ ಇದ್ದಾಗ ಕುಸಿಯುತ್ತಾನೆ. ಮೇಲಿನವರ, ಜೊತೆಯವರ ಬೆಂಬಲವೂ ಇಲ್ಲದಿದ್ದರೆ ಸ್ಥಿತಿ ಇನ್ನಷ್ಟು ಕೆಡುತ್ತದೆ ಎಂದು ನಂತರದ ಸಂಶೋಧಕರು ಸೇರಿಸಿದರು. ಸ್ನಾತಕೋತ್ತರ ವಿದ್ಯಾರ್ಥಿಯ ಸ್ಥಿತಿಯನ್ನು ಈ ಮಾದರಿಯಲ್ಲಿಟ್ಟು ನೋಡಿ: ಬೇಡಿಕೆ ಬಹಳ, ಹತೋಟಿ ಅತ್ಯಲ್ಪ. ಉಳಿಯುವುದು ಬೆಂಬಲ ಒಂದೇ. ಗುರು ರೋಗಿಯ ಎದುರಲ್ಲೇ ಗದರುವುದಕ್ಕೂ, ರೋಗಿ ಹೋದ ಮೇಲೆ ಕೂರಿಸಿಕೊಂಡು ತಿದ್ದುವುದಕ್ಕೂ ಇರುವ ವ್ಯತ್ಯಾಸ ಇಲ್ಲಿ ಕೇವಲ ಸೌಜನ್ಯದ ಪ್ರಶ್ನೆಯಲ್ಲ.

ಅಳತೆ ಮತ್ತು ಮಿತಿ

ದಂತವೈದ್ಯ ವಿದ್ಯಾರ್ಥಿಗಳ ಒತ್ತಡದ ಮೂಲಗಳನ್ನು ಅಳೆಯುವ ಪ್ರಶ್ನಾವಳಿಯನ್ನು ಗಾರ್ಬಿ ಮತ್ತು ಸಂಗಡಿಗರು 1980ರಲ್ಲಿ ರೂಪಿಸಿದರು. ಅದರ ಮಾರ್ಪಡಿಸಿದ ರೂಪವನ್ನು ಬಳಸಿ ಮಣಿಪಾಲದ ಕಾಲೇಜಿನಲ್ಲಿ ನಡೆಸಿದ ಅಧ್ಯಯನ 2003ರಲ್ಲಿ ಅಮೆರಿಕದ ದಂತ ಶಿಕ್ಷಣ ಪತ್ರಿಕೆಯಲ್ಲಿ ಪ್ರಕಟವಾಯಿತು. ಮುಂದೆ ರಾಜ್ಯದ ಸ್ನಾತಕೋತ್ತರ ವಿದ್ಯಾರ್ಥಿಗಳ ಬಗ್ಗೆಯೂ ಅಧ್ಯಯನಗಳು ಬಂದವು.

ಇಂಥ ಸಮೀಕ್ಷೆಗಳನ್ನು ಓದುವಾಗ ವಿಜ್ಞಾನ ವಿದ್ಯಾರ್ಥಿಗಳಾದ ನೀವು ಮೂರು ಪ್ರಶ್ನೆ ಕೇಳಬೇಕು. ಎಷ್ಟು ಜನ ಉತ್ತರಿಸಿದರು, ಎಷ್ಟು ಜನ ಉತ್ತರಿಸಲಿಲ್ಲ? ಅತಿಯಾಗಿ ಬಳಲಿದವರೇ ಫಾರಂ ತುಂಬದೆ ಬಿಟ್ಟಿರಬಹುದು. ಫಾರಂ ಹಂಚಿದವರು ಯಾರು? ಅಂಕ ಕೊಡುವ ಅಧ್ಯಾಪಕರೇ ಹಂಚಿದರೆ ಸತ್ಯ ಬರೆಯುವವರು ಕಡಿಮೆ. ಒಂದೇ ದಿನದ ಅಳತೆಯೋ, ವರ್ಷಗಳುದ್ದಕ್ಕೂ ಹಿಂಬಾಲಿಸಿದ ಅಳತೆಯೋ? ಒಂದೇ ದಿನದ ಅಳತೆಯಿಂದ ಕಾರಣ ಯಾವುದು, ಪರಿಣಾಮ ಯಾವುದು ಎಂದು ಹೇಳಲಾಗದು. ಅಲ್ಲದೆ ಮ್ಯಾಸ್ಲಾಕ್ ಪ್ರಶ್ನಾವಳಿ ರೋಗನಿರ್ಣಯದ ಸಾಧನವಲ್ಲ. ಒಬ್ಬರನ್ನು ಹಿಡಿದು ‘ನೀನು ಬಳಲಿದವನು’ ಎಂದು ಮುದ್ರೆ ಒತ್ತಲು ಅದನ್ನು ಬಳಸಬಾರದು.

ಗಂಟೆಗಳ ಮಿತಿಯ ಚರಿತ್ರೆ ವೈದ್ಯರಲ್ಲಿ ತಡವಾಗಿ ಶುರುವಾಯಿತು. 1984ರಲ್ಲಿ ನ್ಯೂಯಾರ್ಕಿನ ಆಸ್ಪತ್ರೆಯೊಂದರಲ್ಲಿ 18 ವರ್ಷದ ಯುವತಿ ಸತ್ತಾಗ, ಎಡೆಬಿಡದೆ ದುಡಿಯುತ್ತಿದ್ದ ಕಿರಿಯ ವೈದ್ಯರ ಪಾಳಿಗಳು ಮೊದಲ ಬಾರಿಗೆ ಸಾರ್ವಜನಿಕ ಚರ್ಚೆಗೆ ಬಂದವು. ಆ ರಾಜ್ಯ 1989ರಲ್ಲಿ, ಇಡೀ ಅಮೆರಿಕ 2003ರಲ್ಲಿ ವಾರಕ್ಕೆ 80 ಗಂಟೆಯ ಮಿತಿ ಹಾಕಿದವು. ಭಾರತದಲ್ಲಿ ಕೇಂದ್ರ ಸರ್ಕಾರದ 1992ರ ನಿರ್ದೇಶನ, ಕಿರಿಯ ವೈದ್ಯರ ನಿರಂತರ ಕರ್ತವ್ಯ ಸಾಮಾನ್ಯವಾಗಿ ದಿನಕ್ಕೆ 12 ಗಂಟೆ ಮೀರಬಾರದು, ವಾರಕ್ಕೊಂದು ರಜೆ ಇರಬೇಕು ಎಂದಿತು. ಕಾಗದದ ಮೇಲಿನ ಆ ಮಿತಿ ವಾರ್ಡುಗಳನ್ನು ತಲುಪಲಿಲ್ಲ ಎಂಬುದಕ್ಕೆ 2024ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆ ಮತ್ತೆ ಅದೇ ವಿಷಯ ಎತ್ತಬೇಕಾಗಿ ಬಂದದ್ದೇ ಸಾಕ್ಷಿ. 5,337 ಸ್ನಾತಕೋತ್ತರ ವೈದ್ಯಕೀಯ ವಿದ್ಯಾರ್ಥಿಗಳೂ ಭಾಗವಹಿಸಿದ್ದ ಸಮೀಕ್ಷೆಯ ನಂತರ ಅದು ವಾರಕ್ಕೆ 74 ಗಂಟೆಯ ಮಿತಿ ಮತ್ತು ಒಂದು ದಿನದ ರಜೆಯನ್ನು ಶಿಫಾರಸು ಮಾಡಿತು. ಈ ಶಿಫಾರಸು ವೈದ್ಯಕೀಯ ಕಾಲೇಜುಗಳದ್ದು. ದಂತವೈದ್ಯ ಶಿಕ್ಷಣಕ್ಕೆ 2023ರಲ್ಲಿ ಸಂಸತ್ತು ಪ್ರತ್ಯೇಕ ರಾಷ್ಟ್ರೀಯ ದಂತವೈದ್ಯ ಆಯೋಗದ ಕಾಯ್ದೆ ಮಾಡಿದೆ.

ಈಗ ಲೆಕ್ಕ ಹಾಕಿ. ಬ್ರಿಟಿಷ್ ಭಾರತದ ಕಾರ್ಖಾನೆಯ ಕಾರ್ಮಿಕನಿಗೆ 1922ರಲ್ಲೇ 60 ಗಂಟೆಯ ಮಿತಿ. 1948ರಲ್ಲಿ 48. ಓದಿದ ವೈದ್ಯನಿಗೆ 2024ರಲ್ಲಿ ಶಿಫಾರಸಾದದ್ದು 74. ಇದು ಹೇಗೆ ಸಾಧ್ಯವಾಯಿತು? ದಣಿವನ್ನು ನಾವು ಕಾರ್ಮಿಕನಲ್ಲಿ ಶರೀರದ ನಿಯಮವೆಂದು ಒಪ್ಪಿದೆವು. ವೈದ್ಯನಲ್ಲಿ ಮಾತ್ರ ಮನೋಬಲದ ಕೊರತೆಯೆಂದು ಬಗೆದೆವು. ಕಾರ್ಟಿಸಾಲ್ ಪದವಿ ಪ್ರಮಾಣಪತ್ರ ನೋಡುವುದಿಲ್ಲ.

ನಾವು ಮಾಡಬಹುದಾದದ್ದು

ಯೋಗ, ಧ್ಯಾನ, ಆಟ, ಸಂಗೀತ ಇವೆಲ್ಲ ಒಳ್ಳೆಯವೇ. ಆದರೆ ಅವು ಫೈಲ್ ಅನ್ನು ಒರೆಸಿ ಇಟ್ಟಂತೆ. ಎಷ್ಟು ಸಲ ಬಳಸಿದೆವು ಎಂಬ ಲೆಕ್ಕಕ್ಕೆ ಬದಲಿಯಲ್ಲ. ವಾರದ ರಜೆ ನಿಜವಾದ ರಜೆಯಾಗುವುದು, ಕೆಲಸದ ಗಂಟೆ ದಾಖಲಾಗುವುದು, ರೋಗಿ ಬಾರದ್ದಕ್ಕೆ ವಿದ್ಯಾರ್ಥಿಗೆ ದಂಡ ಬೀಳದಿರುವುದು, ದೂರು ಹೇಳಿದರೆ ಪರೀಕ್ಷೆಯಲ್ಲಿ ತೊಂದರೆಯಾಗದು ಎಂಬ ಭರವಸೆ ಇರುವುದು, ಇವು ವ್ಯವಸ್ಥೆ ಮಾಡಬೇಕಾದ ಕೆಲಸಗಳು.

ಶಿಕ್ಷಕರೇ, ನಿಮ್ಮ ಹಳೆಯ ವಿದ್ಯಾರ್ಥಿ ಹಬ್ಬಕ್ಕೆ ಊರಿಗೆ ಬಂದಾಗ ‘ಎಷ್ಟು ಅಂಕ ಬಂತು’ ಎಂಬುದರ ಜೊತೆಗೆ ‘ಸರಿಯಾಗಿ ನಿದ್ದೆ ಮಾಡುತ್ತಿದ್ದೀಯಾ’ ಎಂದೂ ಕೇಳಿ. ವಿದ್ಯಾರ್ಥಿಗಳೇ, ದಣಿವನ್ನು ಮುಚ್ಚಿಟ್ಟುಕೊಳ್ಳುವುದು ಶೌರ್ಯವಲ್ಲ. ಮನಸ್ಸು ತೀರಾ ಕುಗ್ಗಿದರೆ, ಬದುಕೇ ಬೇಡವೆನಿಸಿದರೆ, 14416ಕ್ಕೆ ಕರೆ ಮಾಡಿ. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ, ಬೆಂಗಳೂರಿನ ನಿಮ್ಹಾನ್ಸ್ ಮುನ್ನಡೆಸುವ ಟೆಲಿ ಮಾನಸ್ ಎಂಬ ಈ ಉಚಿತ ಸಹಾಯವಾಣಿಯಲ್ಲಿ ಕನ್ನಡದಲ್ಲೂ ಮಾತನಾಡಬಹುದು.

ಇನ್ನೊಮ್ಮೆ ಪಿ.ಜೆ. ಬಡಾವಣೆಯಲ್ಲಿ ಹಲ್ಲಿನ ಫಲಕ ಕಂಡಾಗ ಆ ಮೂರು ಅಕ್ಷರಗಳನ್ನು ಗಮನಿಸಿ. ನಿಮ್ಮ ಬಾಯಿಯೊಳಗೆ ತಿರುಗುವ ಫೈಲ್‌ನ ದಣಿವಿನ ಲೆಕ್ಕವನ್ನು ಯಾರೋ ಇಟ್ಟಿರುತ್ತಾರೆ. ಅದನ್ನು ಹಿಡಿದ ಕೈಯ ಲೆಕ್ಕವನ್ನೂ ಯಾರಾದರೂ ಇಡುವಂತಾಗುವುದು ರೋಗಿಗಳಾದ ನಮಗೂ ಒಳ್ಳೆಯದು.